ಆಲಮಟ್ಟಿ ಹಿನ್ನೀರಿನ ಮರಿಮೀನು ಉಳಿಯಲಿ

ಮಾನ್ಯ ಸಂಪಾದಕರೇ,

ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು. ನಾಡದೋಣಿಯವರಿಗೆ ಮಾತ್ರ ವಿನಾಯಿತಿ. ಸಮುದ್ರವೂ ಉಳಿಯಬೇಕು, ಸಣ್ಣ ಮೀನುಗಾರರ ಒಲೆಯೂ ಉರಿಯಬೇಕು ಎಂಬ ಲೆಕ್ಕ ಅದರಲ್ಲಿದೆ. ಈ ಲೆಕ್ಕ ನಮ್ಮ ಆಲಮಟ್ಟಿ ಹಿನ್ನೀರಿಗೂ ಬೇಕು ಅಲ್ವಾ?

ಕಟ್ಲಾ, ರೋಹು ಮೊಟ್ಟೆ ಇಡುವುದು ಮಳೆಗಾಲದಲ್ಲೇ, ಹೊಸ ನೀರು ಹರಿದು ಬಂದಾಗ. ಬೀಳಗಿ ಕಡೆ ಸೊಳ್ಳೆ ಪರದೆಯಂಥ ಬಲೆ ಹಾಕಿ ಬೆರಳುದ್ದದ ಮರಿಗಳನ್ನು ಬಾಚಿದ್ದು ನೋಡಿದ್ದೇನೆ. ಬುಟ್ಟಿ ತುಂಬಾ ಮರಿ! ಬಿಟ್ಟಿದ್ದರೆ ವರ್ಷದೊಳಗೆ ಒಂದೊಂದೂ ಕಿಲೋ ತೂಗುತ್ತಿತ್ತೇನೋ. ಕರುಳು ಚುರ್ ಎಂದಿತು.

ಆದರೆ ಹಿಡಿಯುವವರನ್ನು ಸುಮ್ನೆ ಬೈದರೆ ಏನೂ ಆಗುವುದಿಲ್ಲ. ಹೊಲ ಮುಳುಗಿದ ಮೇಲೆ ಬಲೆ ಹಿಡಿದವರೂ ಅವರಲ್ಲಿದ್ದಾರೆ. ಬಲೆ ಒಣಗಿಸಿಟ್ಟ ದಿನಗಳಲ್ಲಿ ಅವರ ಮನೆ ನಡೆಯಬೇಕಲ್ಲ. ಮೀನು ಹಿಡಿಯದ ತಿಂಗಳುಗಳಿಗೆ ನೆರವು ಕೊಡುವ ಅವಕಾಶ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿದೆ, ಒಳನಾಡಿನವರಿಗೂ. ಆ ದುಡ್ಡು ಮಳೆಗಾಲಕ್ಕೆ ಮೊದಲೇ ಖಾತೆಗೆ ಬರಲಿ. ದೊಡ್ಡ ಕಣ್ಣಿನ ಬಲೆ ಕಡಿಮೆ ದರಕ್ಕೆ ಸಿಗಲಿ. ಎಲ್ಲಿ, ಎಷ್ಟು ದಿನ ಬಲೆ ಹಾಕಬಾರದು ಎಂಬುದನ್ನು ಆಯಾ ಊರಿನ ಮೀನುಗಾರರನ್ನೇ ಕೂರಿಸಿಕೊಂಡು ತೀರ್ಮಾನಿಸಲಿ. ಮೀನು ಯಾವ ಹಳ್ಳಕ್ಕೆ ಏರುತ್ತದೆ ಎಂಬುದು ಅವರಿಗೆ ಗೊತ್ತು.

– ಓದುಗ, ನವನಗರ, ಬಾಗಲಕೋಟೆ