ಸುಣ್ಣದ ನೀರಲ್ಲಿ ಬೆಂದ ಗೋವಿನಜೋಳ

ಆಂಟಿಗುವಾ, ಗ್ವಾಟೆಮಾಲಾ (ಮಧ್ಯ ಅಮೆರಿಕ)

ತೀರ್ಥರೂಪ ಅಪ್ಪನವರಿಗೆ, ಮಾತೃಶ್ರೀ ಅವ್ವನಿಗೆ ಸಾಷ್ಟಾಂಗ ನಮಸ್ಕಾರಗಳು. ಅಣ್ಣ, ವೈನಿಗೂ ನಮಸ್ಕಾರ.

ಮಾರ್ಚಿನಲ್ಲಿ ಬರುವುದು ಗಟ್ಟಿಯಾಯಿತು ಎಂದು ಅಣ್ಣ ಹೇಳಿದ. ಏನು ಉಣ್ಣಬೇಕು, ಎಲ್ಲಿ ಯಾವ ವಾರ ಇರಬೇಕು, ಅವ್ವನಿಗೆ ಮಾಂಸ ಸೋಂಕದ ಊಟ ಸಿಗುತ್ತದೆಯೇ ಎಂದು ನೀವು ಕೇಳಿದ್ದಕ್ಕೆಲ್ಲ ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆದಿದ್ದೇನೆ. ದಾರಿಯ ಮಾತು ಅಣ್ಣನಿಗೆ, ಅಡುಗೆಯ ಮಾತು ವೈನಿಗೆ.

ಮೊದಲು ಸುಣ್ಣದ ಮಾತು. ಅದು ತಿಳಿಯದೆ ಇಲ್ಲಿನ ಊಟ ತಿಳಿಯುವುದಿಲ್ಲ. ನಮ್ಮ ಹಾವೇರಿ ಕಡೆಯ ಗೋವಿನಜೋಳ ಹೊಲದಿಂದ ಎಪಿಎಂಸಿಗೆ, ಅಲ್ಲಿಂದ ಕೋಳಿ ಫೀಡಿಗೆ, ಸ್ಟಾರ್ಚ್ ಫ್ಯಾಕ್ಟರಿಗೆ ಹೋಗುತ್ತದೆ. ಮನೆಯ ಒಲೆಗೆ ಬಂದರೆ ಹೆಚ್ಚಾಗಿ ಸುಟ್ಟ ತೆನೆಯಾಗಿ ಬರುತ್ತದೆ. ಇಲ್ಲಿ ಅದೇ ಕಾಳು ಮೂರು ಹೊತ್ತಿನ ಅನ್ನ. ಮಾಯಾ ಜನರ ಪುರಾಣ ಪೊಪೋಲ್ ವುಹ್‌ನಲ್ಲಿ ದೇವರುಗಳು ಮನುಷ್ಯನನ್ನು ಮೊದಲು ಮಣ್ಣಿನಿಂದ, ಆಮೇಲೆ ಕಟ್ಟಿಗೆಯಿಂದ ಮಾಡಿ ಸೋತು, ಕೊನೆಗೆ ಹಳದಿ ಮತ್ತು ಬಿಳಿ ಗೋವಿನಜೋಳದ ಹಿಟ್ಟಿನಿಂದ ಮಾಡಿ ಗೆಲ್ಲುತ್ತಾರೆ. ಹಳ್ಳಿಯ ಹೊಲದಲ್ಲಿ ಇವತ್ತಿಗೂ ಗೋವಿನಜೋಳದ ಬುಡದಲ್ಲೇ ಬೀನ್ಸ್ ಊರಿ ದಂಟಿಗೆ ಹಬ್ಬಿಸುತ್ತಾರೆ, ನಡುವೆ ಕುಂಬಳ ಹರಡಿಕೊಳ್ಳುತ್ತದೆ. ಇದಕ್ಕೆ ಮಿಲ್ಪಾ ಎನ್ನುತ್ತಾರೆ. ಅಪ್ಪ, ನೀವು ಅಕ್ಕಡಿ ಸಾಲು ಎನ್ನುವುದಕ್ಕೆ ಹತ್ತಿರದ ಪದ್ಧತಿ ಇದು. ಬೀನ್ಸ್ ನೆಲಕ್ಕೆ ಸಾರಜನಕ ಕೊಡುತ್ತದೆ, ಕುಂಬಳದ ಎಲೆ ಕಳೆ ಏಳದಂತೆ ನೆರಳು ಹಾಸುತ್ತದೆ.

ಸುಣ್ಣದ ನೀರಿನಲ್ಲಿ ಬೇಯಿಸಿದ ಕಾಳಿಗೆ ನಿಷ್ಟಮಾಲ್ ಎಂದು ಹೆಸರು. ಒಂದು ಕೆಜಿ ಒಣ ಕಾಳಿಗೆ ಮೂರು ಲೀಟರ್ ನೀರು, 10 ಗ್ರಾಂ ಅರಳಿದ ಸುಣ್ಣದ ಪುಡಿ. ಎಲೆ ಅಡಿಕೆಗೆ ತಿನ್ನುವ ಹಸಿ ಸುಣ್ಣವಾದರೆ ಅದರಲ್ಲಿ ಅರ್ಧದಷ್ಟು ನೀರೇ ಇರುವುದರಿಂದ 20 ಗ್ರಾಂ ಹಾಕಿ. ಬಣ್ಣ, ಸುವಾಸನೆ ಬೆರೆತದ್ದು ಬೇಡ, ಗೋಡೆಗೆ ಬಳಿಯುವ ಸುಣ್ಣ ಬೇಡವೇ ಬೇಡ. ಅರಳದ ಸುಣ್ಣದ ಕಲ್ಲನ್ನೂ ಮುಟ್ಟಬೇಡಿ, ನೀರು ಬಿದ್ದ ಕೂಡಲೇ ಕುದಿದು ಕೈ ಸುಡುತ್ತದೆ. ಪಾತ್ರೆ ಸ್ಟೀಲಿನದೋ ಮಣ್ಣಿನದೋ ಇರಲಿ, ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿಂದುಹಾಕುತ್ತದೆ. ಬಿತ್ತನೆಗೆಂದು ಔಷಧ ಸವರಿದ ಬಣ್ಣದ ಕಾಳನ್ನು ಅಡುಗೆ ಮನೆಯ ಹತ್ತಿರವೂ ತರಬೇಡಿ, ಬೂಷ್ಟು ಹಿಡಿದ ಕಾಳನ್ನು ಆರಿಸಿ ಚೆಲ್ಲಿ.

ಸುಣ್ಣವನ್ನು ನೀರಿನಲ್ಲಿ ಕದಡಿ ಕಾಳು ಹಾಕಿ, ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ 30ರಿಂದ 45 ನಿಮಿಷ ಬೇಯಿಸಬೇಕು. ಒಂದು ಕಾಳು ತೆಗೆದು ಬೆರಳಲ್ಲಿ ತಿಕ್ಕಿದರೆ ಸಿಪ್ಪೆ ಜಾರಬೇಕು, ಕಡಿದರೆ ಒಳಗೆ ಇನ್ನೂ ಚೂರು ಬಿಳಿ ಗಟ್ಟಿ ಉಳಿದಿರಬೇಕು. ಆಗ ಒಲೆ ಆರಿಸಿ, ಮುಚ್ಚಿ, ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಹಳದಿ ನೀರು ಬಸಿದು, ಎರಡು ಮೂರು ನೀರಿನಲ್ಲಿ ತಿಕ್ಕಿ ತೊಳೆದು ರುಬ್ಬಿದರೆ ಅದೇ ಮಾಸಾ, ಅಂದರೆ ರೊಟ್ಟಿಯ ಹಿಟ್ಟು.

ಬರೀ ಗೋವಿನಜೋಳದ ಹಿಟ್ಟಿಗೆ ಜಿಗುಟಿಲ್ಲ, ಬಡಿದರೆ ಅಂಚು ಸೀಳುತ್ತದೆ. ಅದಕ್ಕೇ ನಾವು ಬಿಸಿನೀರು ಹಾಕಿ ನಾದುವುದು. ಸುಣ್ಣವು ಸಿಪ್ಪೆಯ ಒರಟು ನಾರನ್ನು ಕರಗಿಸಿ ಅಂಟಾಗಿ ಮಾಡುತ್ತದೆ, ಆ ಅಂಟೇ ಹಿಟ್ಟನ್ನು ಹಿಡಿದಿಡುತ್ತದೆ. ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಗೋವಿನಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವ ಇದ್ದರೂ ನಮ್ಮ ಹೊಟ್ಟೆಗೆ ದಕ್ಕದಂತೆ ಕಟ್ಟಿಕೊಂಡಿರುತ್ತದೆ. ಸುಣ್ಣ ಆ ಕಟ್ಟು ಬಿಚ್ಚುತ್ತದೆ. ಗೋವಿನಜೋಳ ಸಮುದ್ರ ದಾಟಿ ಯುರೋಪಿಗೆ ಹೋದಾಗ ಕಾಳು ಹೋಯಿತು, ಸುಣ್ಣದ ವಿದ್ಯೆ ಹೋಗಲಿಲ್ಲ. ಗೋವಿನಜೋಳವನ್ನೇ ನೆಚ್ಚಿ ಬದುಕಿದ ಸ್ಪೇನ್, ಇಟಲಿಯ ಬಡವರಿಗೆ ನಯಾಸಿನ್ ಸಾಲದೆ ಮೈ ಚರ್ಮ ಸುಲಿದು ಬುದ್ಧಿಭ್ರಮಣೆಯಾಗುವ ಪೆಲ್ಲಾಗ್ರಾ ಬಂತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ ಅದರ ಲಕ್ಷಣ ಬರೆದಿಟ್ಟ. ಇಲ್ಲಿನ ಹೆಣ್ಣುಮಕ್ಕಳ ಕೈಯಲ್ಲಿದ್ದ ಈ ಒಂದು ಚಿಟಿಕೆ ಸುಣ್ಣಕ್ಕೆ ಎಷ್ಟು ದೊಡ್ಡ ಬೆಲೆ ಇತ್ತು ನೋಡಿ.

ವೈನಿ, ಕೆಡುವುದು ನಾಲ್ಕು ಕಡೆ. ಸುಣ್ಣ ಜಾಸ್ತಿಯಾದರೆ ಹಿಟ್ಟು ಅಚ್ಚ ಹಳದಿಯಾಗಿ ಸೋಪಿನಂತೆ ಕಹಿ ಬರುತ್ತದೆ. ಹೆಚ್ಚು ಬೆಂದರೆ ರುಬ್ಬಿದ್ದು ಗೋಂದಿನ ಹಾಗೆ ಕೈಗೆ ಅಂಟುತ್ತದೆ. ಕಡಿಮೆ ಬೆಂದರೆ ರವೆ ರವೆಯಾಗಿ ಅಂಚು ಒಡೆಯುತ್ತದೆ. ನಾಲ್ಕನೆಯದು ರುಬ್ಬುವಾಗಿನ ನೀರು. ಮಿಕ್ಸಿ ನೀರಿಲ್ಲದೆ ತಿರುಗುವುದಿಲ್ಲ, ನೀರು ಹಾಕಿದರೆ ಹಿಟ್ಟು ದೋಸೆ ಹದಕ್ಕೆ ಹೋಗುತ್ತದೆ. ಇಲ್ಲಿ ಊರೂರಲ್ಲಿ ಹಸಿ ಕಾಳು ಅರೆಯುವ ಮೊಲಿನೊ ಇದೆ, ಬೆಳಿಗ್ಗೆ ಬಕೆಟ್ ಹೊತ್ತ ಹೆಂಗಸರ ಸಾಲು ಅಲ್ಲಿರುತ್ತದೆ. ನಮ್ಮ ಗಿರಣಿಗೆ ಹಸಿ ಕಾಳು ಒಯ್ದರೆ ಕಲ್ಲಿಗೆ ಮೆತ್ತಿ ಕೆಡುತ್ತದೆ. ಅದಕ್ಕೆ ತೊಳೆದ ಕಾಳನ್ನು ಎರಡು ದಿನ ಬಿಸಿಲಲ್ಲಿ ಗಣಗಣ ಒಣಗಿಸಿ ಗಿರಣಿಗೆ ಹಾಕಿಸಿ. ಆ ಹಿಟ್ಟಿಗೆ ಉಗುರುಬೆಚ್ಚಗಿನ ನೀರು ಹಾಕಿ ನಾದಿ ಅರ್ಧ ಗಂಟೆ ಬಿಟ್ಟರೆ ಸಾಕು. ಹಸಿದರ ಘಮ ಪೂರ್ತಿ ಬಾರದಿದ್ದರೂ ರೊಟ್ಟಿ ಸೀಳುವುದಿಲ್ಲ.

ಇಲ್ಲಿನ ತೊರ್ತಿಯಾ ಅಂಗೈ ಅಗಲ, ನಮ್ಮ ರೊಟ್ಟಿಗಿಂತ ದಪ್ಪ. ನಿಂಬೆಹಣ್ಣಿನಷ್ಟು ಉಂಡೆಯನ್ನು ಒದ್ದೆ ಕೈಗಳ ನಡುವೆ ತಿರುಗಿಸುತ್ತ ತಟ್ಟುತ್ತಾರೆ, ಕಲ್ಲ ಮೇಲೆ ಬಡಿಯುವುದಿಲ್ಲ. ಹಂಚಿಗೆ ಕೊಮಾಲ್ ಎನ್ನುತ್ತಾರೆ. ಮಣ್ಣಿನ ಕೊಮಾಲಿಗೆ ಸುಣ್ಣದ ನೀರು ಬಳಿದು ಕಾಯಿಸುತ್ತಾರೆ, ಹಿಟ್ಟು ಅಂಟುವುದಿಲ್ಲ. ಒಂದು ಮಗ್ಗಲು ಅರ್ಧ ನಿಮಿಷ, ಅಂಚು ಬಿಟ್ಟ ಕೂಡಲೇ ತಿರುವಿ ಒಂದು ನಿಮಿಷ, ಮತ್ತೆ ಮೊದಲ ಮಗ್ಗಲಿಗೆ ತಿರುವಿದಾಗ ಉಬ್ಬಬೇಕು. ಉಬ್ಬದಿದ್ದರೆ ಹಿಟ್ಟು ಒಣಗಿದೆ ಅಥವಾ ಹಂಚು ಕಾದಿಲ್ಲ. ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ಮೆತ್ತಗೆ ಉಳಿಯುತ್ತದೆ.

ಇನ್ನು ಅವ್ವನ ಊಟ. ಅವ್ವ, ಇಲ್ಲಿ ಕಾಳು, ಅನ್ನ, ಸೊಪ್ಪು, ಬಾಳೆ ಎಲ್ಲವೂ ಇದೆ, ಆದರೆ ಕಣ್ಣಿಗೆ ಕಾಣದ ಕಡೆ ಮಾಂಸ ಸೇರುತ್ತದೆ. ರಾಜ್ಮಾ ಜಾತಿಯ ಕರಿ ಕಾಳನ್ನು ಬೇಯಿಸಿ ಅರೆದು ಉಳ್ಳಾಗಡ್ಡಿ ಜೊತೆ ಮುದ್ದೆಯಾಗುವವರೆಗೆ ಹುರಿಯುತ್ತಾರೆ, ಹಲವು ಕಡೆ ಹಂದಿ ಕೊಬ್ಬಿನಲ್ಲಿ. ಅನ್ನಕ್ಕೆ ಕೋಳಿ ಸಾರಿನ ಪುಡಿ ಉದುರಿಸುತ್ತಾರೆ. ಬಾಳೆ ಎಲೆಯಲ್ಲಿ ಬೇಯಿಸಿದ ತಮಾಲ್ ನಮ್ಮ ಎಲೆಕಡುಬಿನಂತೆ ಕಂಡರೂ ಹಿಟ್ಟಿಗೆ ಕೊಬ್ಬು, ನಡುವೆ ಮಾಂಸ. ‘ಕಾರ್ನೆ ಬೇಡ’ ಎಂದರೆ ಸಾಲದು, ಆ ಮಾತಿನಲ್ಲಿ ಕೋಳಿ ಸೇರಿಲ್ಲ ಎಂದು ತಿಳಿಯುವವರು ಬಹಳ. ಹೀಗೆ ಪೂರ್ತಿ ಹೇಳಬೇಕು: ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಮಾಂತೇಕಾ, ಸಿನ್ ಕೊನ್ಸೊಮೆ.’ ಮಾಂಸ, ಕೋಳಿ, ಕೊಬ್ಬು, ಸಾರಿನ ಪುಡಿ ಇಲ್ಲದೆ ಎಂದರ್ಥ. ಅಣ್ಣ ಇದನ್ನು ಚೀಟಿಯಲ್ಲಿ ಬರೆಸಿಕೊಂಡು ಜೇಬಿನಲ್ಲಿಡಲಿ.

ಅಷ್ಟು ಕೇಳಿದ ಮೇಲೆ ಅವ್ವನ ಪಾಲಿಗೆ ಬೇಕಾದಷ್ಟಿದೆ. ಎಳೆ ಗೋವಿನಜೋಳ ರುಬ್ಬಿ ಹಾಲು, ಸಕ್ಕರೆ, ಚಕ್ಕೆ ಹಾಕಿ ಕಾಯಿಸಿದ ಗಂಜಿ ಆತೋಲ್ ದೆ ಎಲೊತೆ. ಚಿಪಿಲಿನ್ ಸೊಪ್ಪು ಬೆರೆಸಿದ ಸಣ್ಣ ಕಡುಬುಗಳಿವೆ. ಆ ಗಿಡ ನಮ್ಮ ಸೆಣಬಿನ ಕುಲದ್ದು. ಅದಕ್ಕೂ ಎಣ್ಣೆಯೋ ಕೊಬ್ಬೋ ಕೇಳಿಯೇ ತಿನ್ನಿ. ನಮ್ಮ ಸೀಮೆಬದನೆಕಾಯಿ ಇಲ್ಲಿ ಗ್ವಿಸ್ಕಿಲ್, ಇದರ ತವರೇ ಈ ಸೀಮೆ. ಕಾಯಿ, ಬಳ್ಳಿಯ ಕುಡಿ, ಗೆಡ್ಡೆ ಮೂರನ್ನೂ ಉಣ್ಣುತ್ತಾರೆ. ನಮ್ಮ ಚಿಕ್ಕು ಎಂಬ ಹೆಸರೂ ಇಲ್ಲಿನ ಚಿಕೊಸಪೊತೆಯಿಂದ ಬಂದದ್ದು.

ಒಂದೇ ಒಂದು ಸಾರು ಕಲಿಯುವುದಾದರೆ ಪೆಪಿಯಾನ್ ಕಲಿಯಬೇಕು. 2007ರಲ್ಲಿ ಇಲ್ಲಿನ ಸರ್ಕಾರ ಅದನ್ನು ಇನ್ನು ಕೆಲವು ಅಡುಗೆಗಳ ಜೊತೆ ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು. ಇದರ ಮುಖ್ಯ ಮೆಣಸಿನಕಾಯಿ ಗ್ವಾಕೆ: ಬಣ್ಣ ಜಾಸ್ತಿ, ಖಾರ ಕಡಿಮೆ. ಬ್ಯಾಡಗಿಯನ್ನು ಮನೆಯ ಹತ್ತಿರವೇ ಇಟ್ಟುಕೊಂಡ ನಮಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ಆರು ಜನಕ್ಕೆ 100 ಗ್ರಾಂ ಕುಂಬಳಕಾಯಿ ಬೀಜ, 50 ಗ್ರಾಂ ಎಳ್ಳು, ಅರ್ಧ ಕೆಜಿ ಟೊಮೆಟೊ, ಒಂದು ಉಳ್ಳಾಗಡ್ಡಿ, ಮೂರು ಎಸಳು ಬೆಳ್ಳುಳ್ಳಿ, ಬೆರಳುದ್ದ ಚಕ್ಕೆ, ಬೀಜ ತೆಗೆದ ಆರೇಳು ಬ್ಯಾಡಗಿ, ಸಾರು ಗಟ್ಟಿಯಾಗಲು ಕರಕಲು ಸುಟ್ಟ ಎರಡು ತೊರ್ತಿಯಾ. ಇಲ್ಲಿ ಮಿಲ್ತೊಮಾತೆ ಎಂಬ ಸಣ್ಣ ಹುಳಿ ಹಸಿರು ಕಾಯಿಯನ್ನೂ ಹಾಕುತ್ತಾರೆ, ನೀವು ಎರಡು ಹಸಿ ಟೊಮೆಟೊ ಹಾಕಿ.

ಎಲ್ಲವನ್ನೂ ಎಣ್ಣೆಯಿಲ್ಲದೆ ಬೇರೆ ಬೇರೆ ಹುರಿಯಬೇಕು, ಗುಟ್ಟು ಇರುವುದು ಇಲ್ಲೇ. ಕುಂಬಳ ಬೀಜ ಉಬ್ಬಿ ಚಟಪಟ ಅಂದ ಕೂಡಲೇ ಇಳಿಸಿ. ಎಳ್ಳು ಹೊಂಬಣ್ಣ ದಾಟಿದರೆ ಇಡೀ ಸಾರು ಕಹಿ. ಮೆಣಸಿನಕಾಯಿಗೆ ಕೆಲವೇ ಸೆಕೆಂಡು. ಟೊಮೆಟೊ, ಉಳ್ಳಾಗಡ್ಡಿ ಮಾತ್ರ ಹಂಚಿನ ಮೇಲೆ ಕಪ್ಪು ಚುಕ್ಕೆ ಬರುವವರೆಗೆ ಸುಡಬೇಕು. ಒಣ ಬೀಜ, ಚಕ್ಕೆಯನ್ನು ಮೊದಲು ನುಣ್ಣಗೆ ಪುಡಿ ಮಾಡಿ, ಆಮೇಲೆ ಉಳಿದದ್ದನ್ನು ಸೇರಿಸಿ ರುಬ್ಬಿ ಸೋಸಿ. ಒಟ್ಟಿಗೆ ಹಾಕಿದರೆ ಬೀಜ ತರಿತರಿ ಉಳಿಯುತ್ತದೆ. ಈ ಮಸಾಲೆಗೆ ರೆಕಾದೊ ಎನ್ನುತ್ತಾರೆ. ಬೆಂದ ಕೋಳಿ ಅಥವಾ ಅವ್ವನಿಗೆ ಸೀಮೆಬದನೆ, ಆಲೂಗಡ್ಡೆ, ಬೀನ್ಸ್ ಬೆಂದ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ 20 ನಿಮಿಷ ಕೈ ಬಿಡದೆ ತಿರುವಿ. ಜೋರಾಗಿ ಕುದಿಸಿದರೆ ಎಣ್ಣೆ ಬೇರೆಯಾಗಿ ತಳ ಹಿಡಿಯುತ್ತದೆ.

ಅಣ್ಣ, ಈಗ ದಾರಿ. ಈಸ್ಟರ್‌ಗೆ ಎರಡು ಮೂರು ವಾರ ಮುಂಚೆ ಬಂದರೆ ಒಳ್ಳೆಯದು. ಮಳೆಗಾಲ ಮೇ ತಿಂಗಳಿಗೆ, ಆಗ ಒಣ ಹವೆ. ಈಸ್ಟರ್ ವಾರದಲ್ಲಿ ಆಂಟಿಗುವಾದಲ್ಲಿ ಕೋಣೆ ಸಿಗುವುದಿಲ್ಲ, ಸಿಕ್ಕರೂ ಬೆಲೆ ಕೇಳಲಾಗದು. ಆದರೆ ಅದಕ್ಕೆ ಮುಂಚಿನ ಉಪವಾಸ ಕಾಲದ ಭಾನುವಾರಗಳಲ್ಲೂ ಮೆರವಣಿಗೆ ಇರುತ್ತದೆ. ಶನಿವಾರ ಬಂದಿಳಿದು ನೇರ ಇಲ್ಲಿಗೆ ಬನ್ನಿ. ರಾಜಧಾನಿ ಗ್ವಾಟೆಮಾಲಾ ಸಿಟಿಯಿಂದ ಸುಮಾರು 40 ಕಿಮೀ, ವಾಹನ ಸಂದಣಿ ಇದ್ದರೆ ಎರಡು ತಾಸು ಹಿಡಿಯಿತೆಂದು ಲೆಕ್ಕ ಹಾಕಿ. 1773ರ ಭೂಕಂಪದಲ್ಲಿ ಬಿದ್ದ ಹಳೆಯ ರಾಜಧಾನಿ ಇದು. ಬಿರುಕು ಬಿಟ್ಟ ಚರ್ಚುಗಳು ಹಾಗೇ ನಿಂತಿವೆ.

ಭಾನುವಾರ ಬೆಳಿಗ್ಗೆ ಬೇಗ ಎದ್ದು ಬೀದಿಗೆ ಬನ್ನಿ. ಮೆರವಣಿಗೆ ಬರುವ ದಾರಿಯಲ್ಲಿ ಮನೆಯವರು ಅಲ್ಫೊಂಬ್ರಾ ಹಾಕುತ್ತಿರುತ್ತಾರೆ. ಅವ್ವ, ವೈನಿ ಇದನ್ನು ನೋಡಲೇಬೇಕು, ಬೀದಿಯಗಲದ ರಂಗೋಲಿ. ಕಲ್ಲು ಹಾಸಿನ ಏರುತಗ್ಗು ಮುಚ್ಚಲು ಕೆಳಗೆ ಮರಳು ಅಥವಾ ಬಣ್ಣವಿಲ್ಲದ ಮರದ ಹೊಟ್ಟು, ಅದರ ಮೇಲೆ ಜರಡಿ ಹಿಡಿದು ಬಣ್ಣ ಹಾಕಿದ ಹೊಟ್ಟನ್ನು ಕತ್ತರಿಸಿದ ಅಚ್ಚುಗಳ ಮೂಲಕ ಉದುರಿಸುತ್ತಾರೆ. ಗಾಳಿಗೆ ಹಾರದಂತೆ ಆಗಾಗ ನೀರು ಚಿಮುಕಿಸುತ್ತಾರೆ, ನಡುವಿನ ಕೆಲಸಕ್ಕೆ ಹಲಗೆ ಅಡ್ಡ ಇಟ್ಟು ಅದರ ಮೇಲೆ ಕೂರುತ್ತಾರೆ. ಕೊರೊಸೊ ಎಂಬ ತಾಳೆಯ ಹೊಂಬಾಳೆಯನ್ನೂ ಇಡುತ್ತಾರೆ, ನೋಡಲು ನಮ್ಮ ಅಡಿಕೆ ಹಿಂಗಾರ, ವಾಸನೆ ಬೀದಿ ತುಂಬ. ತಾಸುಗಟ್ಟಲೆ ಹಾಕಿದ್ದರ ಮೇಲೆ ನೇರಳೆ ಅಂಗಿಯವರು ಪಲ್ಲಕ್ಕಿ ಹೊತ್ತು ನಡೆದುಹೋಗುತ್ತಾರೆ, ಹಿಂದೆಯೇ ಗುಡಿಸುವವರು ಬರುತ್ತಾರೆ. ಹಾಕುವವರಿಗೆ ಅದೇ ಸೇವೆ. ಆ ಹೊತ್ತಿನಲ್ಲಿ ಚರ್ಚಿನ ಎದುರಿನ ಅಂಗಡಿಗಳಲ್ಲಿ ನೇಂದ್ರ ಬಾಳೆ ಬೇಯಿಸಿ ಅರೆದು, ಸಿಹಿ ಕರಿಕಾಳು ತುಂಬಿ ಕರಿದ ರೆಯೆನಿತೊ ಸಿಗುತ್ತದೆ. ನಮ್ಮ ಹೂರಣದ ನೆನಪು ಬರುವ ತಿಂಡಿ, ಬಿಸಿಯಾಗಿದ್ದಾಗಲೇ ತಿನ್ನಬೇಕು.

ಮಂಗಳವಾರ ಅತಿತ್ಲಾನ್ ಕೆರೆಗೆ ಹೋಗಿ, ಮೂರು ತಾಸಿನ ದಾರಿ. ದೋಣಿ ಬೆಳಿಗ್ಗೆಯೇ ಹತ್ತಿ, ಮಧ್ಯಾಹ್ನದ ಮೇಲೆ ಶೊಕೊಮಿಲ್ ಗಾಳಿ ಎದ್ದು ಅಲೆ ಮೈಮೇಲೆ ಬರುತ್ತದೆ. ಸಾನ್ ಹುವಾನ್ ಊರಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದು ನೇಯುವುದನ್ನು ನೋಡಿ. ಹಾಸಿನ ಬಿಗಿ ನೇಯುವವಳ ಬೆನ್ನಿನಿಂದಲೇ ಬರುವುದರಿಂದ ಬಟ್ಟೆಯ ಅಗಲ ಅವಳ ತೋಳು ಎಟುಕುವಷ್ಟೇ. ಅದಕ್ಕೇ ರವಿಕೆಯಂತೆ ತೊಡುವ ವಿಪೀಲ್ ಎರಡು ಮೂರು ಪಟ್ಟಿ ಜೋಡಿಸಿದ್ದಿರುತ್ತದೆ. ಗಿಡದ ಬಣ್ಣ ಬಿಡದಿರಲು ಬಾಳೆ ದಿಂಡಿನ ನೀರು ಬಳಸುತ್ತಾರೆ.

ಗುರುವಾರ ಚಿಚಿಕಾಸ್ತೆನಾಂಗೊ ಸಂತೆ. ಸಂತೆ ಇರುವುದು ಗುರುವಾರ, ಭಾನುವಾರ ಮಾತ್ರ, ಆದ್ದರಿಂದ ದಿನ ತಪ್ಪಿಸಬೇಡಿ. ಸಾಂತೊ ತೊಮಾಸ್ ಚರ್ಚಿನ ಮುಂದಿನ ಮೆಟ್ಟಿಲು ಧೂಪ ಹಾಕುವವರದು. ನೀವು ಪಕ್ಕದ ಬಾಗಿಲಿನಿಂದ ಹೋಗಿ, ಒಳಗೆ ಫೋಟೊ ಬೇಡ. ಗುರುವಾರವೇ ಪಾಚೆ, ಅಂದರೆ ಆಲೂಗಡ್ಡೆ ಹಿಟ್ಟಿನ ತಮಾಲ್ ಮಾಡುವ ದಿನ. ಅಣ್ಣ ತಿನ್ನಬಹುದು, ಅವ್ವನಿಗಲ್ಲ.

ಕೊನೆಗೆ ಕೊಬಾನ್, ರಾಜಧಾನಿಯಿಂದ ಐದಾರು ತಾಸು. ಅಲ್ಲಿ ಜಿಟಿಜಿಟಿ ಸೋನೆಗೆ ಚಿಪಿ-ಚಿಪಿ ಎನ್ನುತ್ತಾರೆ, ಸ್ವೆಟರ್ ತನ್ನಿ. ಕಾಕಿಕ್ ಎಂಬ ಟರ್ಕಿ ಕೋಳಿಯ ಕೆಂಪು ಸಾರು ಆ ಊರಿನದು. ಅಪ್ಪ, ನಿಮಗೆ ತೋರಿಸಬೇಕೆಂದು ನಾನು ಕಾಯುತ್ತಿರುವುದು ಅಲ್ಲಿನ ಯಾಲಕ್ಕಿ ತೋಟಗಳನ್ನು. ನಮ್ಮ ಪಶ್ಚಿಮ ಘಟ್ಟದ ಗಿಡವನ್ನು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಜರ್ಮನ್ ತೋಟಗಾರರು ಅಲ್ಲಿಗೆ ತಂದು ನೆಟ್ಟರು. ಇಂದು ಯಾಲಕ್ಕಿ ರಫ್ತಿನಲ್ಲಿ ಗ್ವಾಟೆಮಾಲಾ ಜಗತ್ತಿನ ಮುಂಚೂಣಿಯಲ್ಲಿದೆ, ಹೆಚ್ಚಿನ ಪಾಲು ಅರಬ್ ದೇಶಗಳ ಕಾಫಿಗೆ. ಬೆಳೆಯುವವರ ಅಡುಗೆಗೆ ಮಾತ್ರ ಅದು ಇನ್ನೂ ಇಳಿದಿಲ್ಲ, ನಾವು ಗೋವಿನಜೋಳ ಬೆಳೆದು ಮಾರುವ ಹಾಗೆಯೇ.

ಹಣ್ಣು, ಹಸಿ ತರಕಾರಿ, ಬೀಜ ಯಾವುದೂ ಚೀಲದಲ್ಲಿ ಬೇಡ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ನಲ್ಲಿ ನೀರು, ಐಸ್ ಬೇಡ. ವೈನಿ, ಹೊರಡುವ ಮುಂಚೆ ಅರ್ಧ ಕೆಜಿ ಕಾಳಿಗೆ 5 ಗ್ರಾಂ ಸುಣ್ಣದ ಪುಡಿ ಹಾಕಿ ಒಮ್ಮೆ ಮಾಡಿ ನೋಡಿ. ಅಂಚು ಸೀಳಿತೋ, ಕೈಗೆ ಅಂಟಿತೋ, ಎಷ್ಟು ಹೊತ್ತು ಬೇಯಿಸಿದಿರಿ ಎಂಬುದನ್ನು ಬರೆದು ಕಳಿಸಿ. ಇಲ್ಲಿ ಮೊಲಿನೊದ ಹೆಂಗಸರಿಗೆ ತೋರಿಸಿ ಕೇಳುತ್ತೇನೆ.

ನಿಮ್ಮ ಪ್ರೀತಿಯ ಮಗಳು