ಅಪ್ಪ, ಇನ್ನೂ ಬಿಟ್ಟಿಲ್ಲ

ಮ್ಯೂನಿಕ್, ಜರ್ಮನಿ
ಭಾನುವಾರ ರಾತ್ರಿ

ಅಪ್ಪನಿಗೆ ನಮಸ್ಕಾರ. ಅಮ್ಮನಿಗೂ. ನಾನು ಚೆನ್ನಾಗಿದ್ದೇನೆ, ನೀವೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ನಿಮ್ಮ ಕಾಗದದ ಫೋಟೋ ಅಕ್ಕ ಕಳಿಸಿದಳು. ಎರಡು ಹಾಳೆ, ಎರಡೂ ಬದಿ. ಅದರಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: ಕೆಲಸ ಬಿಟ್ಟೆಯಾ? ಬಿಟ್ಟಿಲ್ಲ ಅಪ್ಪ. ಅಕ್ಕನ ಹತ್ತಿರ ಫೋನಿನಲ್ಲಿ ಗೊಣಗಿದ್ದು ನಿಜ. ‘ಸಾಕಾಗಿ ಹೋಗಿದೆ’ ಅಂದಿದ್ದೂ ನಿಜ. ಅದು ನಿಮ್ಮ ಕಿವಿಗೆ ಬೀಳುವಷ್ಟರಲ್ಲಿ ‘ರಾಜೀನಾಮೆ ಕೊಟ್ಟಳಂತೆ’ ಆಗಿದೆ. ಅಕ್ಕನ ಬಾಯಿ ನಿಮಗೆ ಗೊತ್ತಲ್ವಾ.

ಅಷ್ಟಕ್ಕೂ ಇಲ್ಲಿ ಅಷ್ಟು ಸುಲಭವಾಗಿ ಕೆಲಸ ಬಿಡಲೂ ಆಗುವುದಿಲ್ಲ. ಈಮೇಲ್‌ನಲ್ಲಿ ರಾಜೀನಾಮೆ ಬರೆದರೆ ಕಾನೂನಿನ ಪ್ರಕಾರ ಅದು ಲೆಕ್ಕಕ್ಕೇ ಇಲ್ಲ. ಕಾಗದದ ಮೇಲೆ ಇರಬೇಕು, ಪೆನ್ನಿನಲ್ಲಿ ಸಹಿ ಹಾಕಬೇಕು, ಆ ಕಾಗದವೇ ಅವರ ಕೈ ಸೇರಬೇಕು. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ನಮಗೂ ಇದೇ ನಿಯಮ. ನಿಮಗೆ ಈ ದೇಶ ಇಷ್ಟ ಆಗುತ್ತಿತ್ತು. ಅದಾದ ಮೇಲೆ ನನ್ನ ಕರಾರಿನಲ್ಲಿ ಮೂರು ತಿಂಗಳ ನೋಟಿಸ್ ಬೇರೆ. ಸಿಟ್ಟಿನಲ್ಲಿ ಬಿಟ್ಟರೂ, ಸಿಟ್ಟು ಇಳಿದು ಎಷ್ಟೋ ದಿನವಾದ ಮೇಲೂ ಅದೇ ಕುರ್ಚಿಯಲ್ಲಿ ಕೂತಿರಬೇಕು.

‘ತುಂಬಾ ದುಡಿಸುತ್ತಾರಾ’ ಅಂತ ಕೇಳಿದ್ದೀರಿ. ಇಲ್ಲವೇ ಇಲ್ಲ. ಸಂಜೆ ಕೆಲಸ ಮುಗಿಸಿ ಎದ್ದರೆ ಮಾರನೇ ದಿನ ಶುರು ಮಾಡುವುದಕ್ಕೆ ಮುಂಚೆ 11 ಗಂಟೆ ಬಿಡುವು ಇರಲೇಬೇಕು ಅಂತ ಇಲ್ಲಿ ಕಾನೂನಿದೆ. ರಜೆಯಲ್ಲಿದ್ದಾಗ ಜ್ವರ ಬಂದು ಡಾಕ್ಟರ್ ಚೀಟಿ ಕೊಟ್ಟರೆ, ಆ ದಿನಗಳ ರಜೆ ವಾಪಸ್ ಸಿಗುತ್ತದೆ! ಇದನ್ನು ಮಾವನಿಗೆ ಹೇಳಿದರೆ ನಂಬಲೇ ಇಲ್ಲ. ನಾಲ್ಕೂವರೆಗೆ ನಮ್ಮ ಮಹಡಿಯಲ್ಲಿ ಯಾರೂ ಇರುವುದಿಲ್ಲ. ಕೆಲಸ ಮುಗಿದ ಆ ಹೊತ್ತಿಗೆ ಇವರು ಒಂದು ಹೆಸರನ್ನೇ ಇಟ್ಟಿದ್ದಾರೆ, ‘ಫೈರಾಬೆಂಡ್’ ಅಂತ. ಲಿಫ್ಟಿನಲ್ಲಿ ಗುರುತಿಲ್ಲದವರೂ ಹಬ್ಬದ ಶುಭಾಶಯದ ಥರ ಅದನ್ನು ಹೇಳಿ ಹೋಗುತ್ತಾರೆ.

ಹಾಗಾದರೆ ನಿನಗೇನು ಕಷ್ಟ ಅಂತ ನೀವು ಕೇಳುತ್ತೀರಿ. ಅಕ್ಕನೂ ಅದನ್ನೇ ಕೇಳಿದಳು. ಅವಳಿಗೆ ಹೇಳದೇ ಇದ್ದದ್ದನ್ನು ನಿಮಗೆ ಹೇಳುತ್ತೇನೆ, ಬಯ್ಯಬೇಡಿ.

ಪ್ರತಿ ಸೋಮವಾರ ಬೆಳಿಗ್ಗೆ ನಾನೊಂದು ವರದಿ ಕಳಿಸುತ್ತೇನೆ. ಹನ್ನೊಂದು ಹಾಳೆ, ಇಪ್ಪತ್ತಾರು ಜನಕ್ಕೆ. ಅದಕ್ಕೆ ಅಂಕಿ ಹೊಂದಿಸಲು ಗುರುವಾರ, ಶುಕ್ರವಾರ ಎರಡು ದಿನ ಹೋಗುತ್ತದೆ. ಈ ಬೇಸಿಗೆಯಲ್ಲಿ ಒಮ್ಮೆ ಅವಸರದಲ್ಲಿ ಮೇಲಿನ ದಿನಾಂಕ ಮಾತ್ರ ಬದಲಿಸಿ, ಹಿಂದಿನ ವಾರದ ಅಂಕಿಗಳನ್ನೇ ಕಳಿಸಿಬಿಟ್ಟೆ. ಬುಧವಾರ ಗೊತ್ತಾಯಿತು. ಎದೆ ಧಸಕ್ಕೆಂದಿತು. ಯಾರಾದರೂ ಕೇಳುತ್ತಾರೆ ಅಂತ ಕಾದೆ. ಯಾರೂ ಕೇಳಲಿಲ್ಲ. ಮುಂದಿನ ಸೋಮವಾರ, ಇದು ತಪ್ಪು ಅಂತ ಗೊತ್ತಿದ್ದೂ, ಮತ್ತೆ ಅದೇ ಅಂಕಿ ಕಳಿಸಿದೆ. ಅದರ ಮುಂದಿನ ವಾರವೂ. ಮೂರನೇ ವಾರ ಒಂದು ಉತ್ತರ ಬಂತು. ದೊಡ್ಡ ಮ್ಯಾನೇಜರ್ ಒಬ್ಬರು ಬರೆದಿದ್ದರು: ‘ಥ್ಯಾಂಕ್ಸ್, ಅಂಕಿಗಳು ಸ್ಥಿರವಾಗಿರುವುದು ನೋಡಿ ಸಂತೋಷ.’

ಸ್ಥಿರವಾಗಿರದೆ ಇನ್ನೇನು!

ಮೊದಲು ನಗು ಬಂತು. ಪಕ್ಕದವನಿಗೆ ತೋರಿಸೋಣ ಅನಿಸಿತು. ಆಮೇಲೆ ನೀವು ನೆನಪಾದಿರಿ. ಒಂದು ರೂಪಾಯಿ ಹನ್ನೆರಡು ಪೈಸೆ ಲೆಕ್ಕ ತಾಳೆಯಾಗಲಿಲ್ಲ ಅಂತ ಮಾರ್ಚ್ 31ರ ರಾತ್ರಿ ಹನ್ನೊಂದು ಗಂಟೆಗೆ ಮನೆಗೆ ಬಂದಿದ್ದಿರಿ. ಅಮ್ಮ ಬಾಗಿಲಲ್ಲೇ ಜಗಳ ಶುರು ಮಾಡಿದ್ದಳು. ನೀವು ಚಪ್ಪಲಿ ಬಿಡುತ್ತಾ ‘ಸಿಕ್ತು ಕಣೇ’ ಅಂತ ಅಷ್ಟೇ ಹೇಳಿದ್ದಿರಿ. ಆ ಮುಖ ನನಗೆ ಇನ್ನೂ ನೆನಪಿದೆ. ಆ ಉತ್ತರ ಬಂದ ರಾತ್ರಿಯೇ ಮೂರೂ ವಾರದ ವರದಿ ಸರಿ ಮಾಡಿ, ತಪ್ಪಾಗಿತ್ತು ಅಂತ ಎಲ್ಲರಿಗೂ ಬರೆದು ಕಳಿಸಿದೆ. ಅದಕ್ಕೂ ಯಾರೂ ಏನೂ ಹೇಳಲಿಲ್ಲ.

ನನಗೆ ಬೇಜಾರು ಇದೇ ಅಪ್ಪ. ‘ಯಾವ ಆಫೀಸಿನಲ್ಲಿ ಕಷ್ಟ ಇಲ್ಲ’ ಅಂತ ನೀವು ಬರೆದಿದ್ದೀರಿ. ಕಷ್ಟ ಇದ್ದಿದ್ದರೆ ಮಾಡುತ್ತಿದ್ದೆ. ಮಾಡಿದರೂ ಬಿಟ್ಟರೂ ಒಂದೇ ಅನ್ನುವ ಜಾಗದಲ್ಲಿ ಕೂತು ಕೂತು, ಎಲ್ಲಿ ನಾನೂ ಸುಮ್ನೆ ದಿನಾಂಕ ಬದಲಿಸುವವಳಾಗಿಬಿಡುತ್ತೇನೋ ಅಂತ ಹೆದರಿಕೆ. ಬಂದಾಗಿನಿಂದ ಮೂರು ಮ್ಯಾನೇಜರ್ ಬದಲಾದರು. ಪ್ರತಿಯೊಬ್ಬರೂ ಮೊದಲ ದಿನ ಕೇಳಿದ್ದು ಒಂದೇ, ‘ನೀವಿಲ್ಲಿ ಏನು ಮಾಡುತ್ತೀರಿ?’ ಮೂರನೇ ಸಲ ಹೇಳುವಾಗ ನನಗೇ ಅನುಮಾನ ಬಂತು.

ಈಗ ನಿಮ್ಮ ಮುಖ್ಯ ಚಿಂತೆಗೆ ಬರುತ್ತೇನೆ. ಸಾಲದ್ದು. 14 ಕಂತು ಉಳಿದಿದೆ, ನನಗೆ ನೆನಪಿದೆ, ಒಂದೂ ತಪ್ಪುವುದಿಲ್ಲ. ಬೇರೆ ಕಡೆ ಕೆಲಸದ ಕರಾರಿಗೆ ಸಹಿ ಬೀಳುವ ತನಕ ಇದನ್ನು ಬಿಡುವುದಿಲ್ಲ, ಇದು ಮಾತು. ಬಿಡುವ ಹಾಗೂ ಇಲ್ಲ. ಇಲ್ಲಿ ಕೆಲಸ ಹೋದವರಿಗೆ ಸರ್ಕಾರದ ವಿಮೆಯಿಂದ ಕೈಗೆ ಬರುತ್ತಿದ್ದ ಸಂಬಳದ ಸುಮಾರು 60 ಶೇಕಡಾ ಸಿಗುತ್ತದೆ. ಆದರೆ ಸರಿಯಾದ ಕಾರಣ ಇಲ್ಲದೆ ತಾನಾಗಿಯೇ ಬಿಟ್ಟವರಿಗೆ ಸಾಮಾನ್ಯವಾಗಿ ಮೊದಲ 12 ವಾರ ಏನೂ ಇಲ್ಲ. ಇದನ್ನು ಓದಿದ ದಿನವೇ ನನ್ನ ಅರ್ಧ ಧೈರ್ಯ ಇಳಿದುಹೋಯಿತು. ಒಳ್ಳೆಯದೇ ಆಯಿತು.

ವೀಸಾ ಬಗ್ಗೆಯೂ ಹೆದರಬೇಡಿ. ನನ್ನದು ಬ್ಲೂ ಕಾರ್ಡ್, ಅಂದರೆ ಓದಿಕೊಂಡ ಹೊರದೇಶದವರಿಗೆ ಇಲ್ಲಿ ಇದ್ದು ಕೆಲಸ ಮಾಡಲು ಕೊಡುವ ಪರವಾನಗಿ. ಕೆಲಸ ಬದಲಿಸಿದರೆ ವಲಸೆ ಕಚೇರಿಗೆ ತಿಳಿಸಬೇಕು, ಅವರು ತಡೆಯಬಹುದು ಅನ್ನುವುದೆಲ್ಲ ಮೊದಲ 12 ತಿಂಗಳಿಗೆ ಮಾತ್ರ. ನನಗೆ 19 ತಿಂಗಳು ಆಯಿತು. ಜರ್ಮನ್ ಭಾಷೆಯ ಬಿ1, ಅಂದರೆ ನಡುಮಟ್ಟದ ಪರೀಕ್ಷೆ ಪಾಸಾಗಿರುವುದರಿಂದ 21 ತಿಂಗಳಿಗೆ ಕಾಯಂ ಪರವಾನಗಿಗೆ ಅರ್ಜಿ ಹಾಕಬಹುದು. ಬರೀ ಮೊದಲ ಮೆಟ್ಟಿಲಿನ ಎ1 ಇದ್ದಿದ್ದರೆ 27 ತಿಂಗಳು ಕಾಯಬೇಕಿತ್ತು. ನೋಡಿ, ‘ಆ ಭಾಷೆ ಕಲಿತು ಏನು ಮಾಡ್ತೀಯಾ’ ಅಂತ ಅಮ್ಮ ಅಂದಿದ್ದಳು. ಆರು ತಿಂಗಳು ಉಳಿಸಿದೆ. ಎರಡು ತಿಂಗಳು ತುಟಿ ಕಚ್ಚಿಕೊಂಡು ಇರುವುದು ಅದಕ್ಕೇ. ಆ ಪರವಾನಗಿ ಸಿಕ್ಕರೆ ಯಾವ ಕಂಪನಿಗೂ ಕಟ್ಟುಬಿದ್ದಿರಬೇಕಿಲ್ಲ.

ಇನ್ನೊಂದು ವಿಷಯ, ಇದು ನಿಮಗೆ ಬಹಳ ಇಷ್ಟ ಆಗುತ್ತದೆ. ಇಲ್ಲಿ ಹೊಸ ಕೆಲಸಕ್ಕೆ ಹೋಗುವವರನ್ನು ಹಳೆಯ ಕಡೆಯ ಸರ್ಟಿಫಿಕೇಟ್ ಕೇಳುತ್ತಾರೆ. ಮುಂದಿನ ಕೆಲಸಕ್ಕೆ ಕಲ್ಲು ಹಾಕುವ ಹಾಗೆ ಸುಮ್ಮಸುಮ್ಮನೆ ಬರೆಯುವಂತಿಲ್ಲ, ಅದಕ್ಕೆ ಹೊಗಳಿಕೆಯಲ್ಲೇ ಗುಟ್ಟು ಇಟ್ಟಿದ್ದಾರೆ. ‘ಕೈಲಾದಷ್ಟು ಪ್ರಯತ್ನಪಟ್ಟರು’ ಅಂತ ಇದ್ದರೆ ಕೆಲಸ ಬರುತ್ತಿರಲಿಲ್ಲ ಅಂತ ಅರ್ಥ. ‘ನಮಗೆ ತೃಪ್ತಿಯಾಗಿದೆ’ ಅಂದರೆ ಬರೀ ಪಾಸ್ ಮಾರ್ಕು. ‘ಯಾವಾಗಲೂ ಪೂರ್ತಿಗಿಂತ ಪೂರ್ತಿ ತೃಪ್ತಿ’ ಅಂತಿದ್ದರೆ ಮಾತ್ರ ಫಸ್ಟ್ ಕ್ಲಾಸ್. ಪೂರ್ತಿಗಿಂತ ಪೂರ್ತಿ ಹೇಗೆ ಅಂತ ಕೇಳಬೇಡಿ, ಅವರ ವ್ಯಾಕರಣದವರೇ ಅದಕ್ಕೆ ಮೂಗು ಮುರಿಯುತ್ತಾರೆ. ಮ್ಯಾನೇಜರ್ ಬದಲಾದಾಗ ನಡುವೆಯೇ ಇಂಥ ಸರ್ಟಿಫಿಕೇಟ್ ಕೇಳಿ ಪಡೆಯುವುದು ಇಲ್ಲಿ ಮಾಮೂಲು. ಮೊದಲಿನ ಇಬ್ಬರೂ ಹೋಗುವಾಗ ಕೇಳಿ ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಪೂರ್ತಿಗಿಂತ ಪೂರ್ತಿ, ಇನ್ನೊಂದರಲ್ಲಿ ಬರೀ ಪೂರ್ತಿ. ಕಡತಕ್ಕೆ ಹಾಕಿದ್ದೇನೆ. ನಿಮ್ಮ ಮಗಳೇ ಅಲ್ವಾ.

ಅಲ್ಲಿಯ ತನಕ ದಿನ ಹೇಗೆ ತಳ್ಳುತ್ತೀಯಾ ಅಂತ ಅಮ್ಮ ಕೇಳುತ್ತಾಳೆ. ಒಬ್ಬ ಹೊಸ ಹುಡುಗ ಸೇರಿದ್ದಾನೆ. ದಿನಾ ಬೆಳಿಗ್ಗೆ ಅರ್ಧ ಗಂಟೆ ಅವನಿಗೆ ಲೆಕ್ಕದ ಹಾಳೆಗಳನ್ನು ಕಲಿಸುತ್ತೇನೆ. ಮೊನ್ನೆ ನನ್ನದೇ ಒಂದು ಸೂತ್ರದಲ್ಲಿ ತಪ್ಪು ಹಿಡಿದ. ಎಷ್ಟು ಖುಷಿಯಾಯಿತು ಗೊತ್ತಾ! ಕೊನೆಗೂ ಒಬ್ಬ ಓದಿದನಲ್ಲ ಅಂತ. ಬಾಕಿ ಹೊತ್ತು ಮೀಟಿಂಗು. ಭಾನುವಾರ ಸಂಜೆ ಹೊಟ್ಟೆಯಲ್ಲಿ ಏನೋ ಸಂಕಟ ಆಗುತ್ತದೆ, ಅಷ್ಟೇ. ಡಾಕ್ಟರ್ ಏನೂ ಇಲ್ಲ ಅಂದರು. ಅಮ್ಮನಿಗೆ ಇದನ್ನು ಓದಿ ಹೇಳಬೇಡಿ.

ಹ್ಞಾ, ಎರಡು ಕಡೆ ಇಂಟರ್‌ವ್ಯೂ ಆಗಿದೆ. ಒಂದು ಕಡೆ ಆಗಲಿಲ್ಲ. ಇನ್ನೊಂದರ ಎರಡನೇ ಸುತ್ತು ಈ ಗುರುವಾರ. ಸಣ್ಣ ಕಂಪನಿ, ಸಂಬಳ ಸ್ವಲ್ಪ ಕಡಿಮೆ, ಆದರೆ ಕಂತು ಕಟ್ಟಿ ಕೈಯಲ್ಲಿ ಉಳಿಯುತ್ತದೆ, ಲೆಕ್ಕ ಹಾಕಿದ್ದೇನೆ. ಮೊದಲ ಸುತ್ತಿನಲ್ಲಿ ಇಂಟರ್‌ವ್ಯೂ ಮಾಡಿದ ಆಕೆ ನಾನು ಕಳಿಸಿದ್ದ ಮಾದರಿ ವರದಿಯ ಏಳನೇ ಪುಟ ತೆಗೆದು, ‘ಈ ಅಂಕಿ ಎಲ್ಲಿಂದ ಬಂತು?’ ಅಂತ ಕೇಳಿದರು. ಅಲ್ಲಿಗೇ ಹೋಗಬೇಕು ಅನಿಸಿಬಿಟ್ಟಿದೆ. ಅಕ್ಕನಿಗೆ ಮಾತ್ರ ಈಗಲೇ ಹೇಳಬೇಡಿ, ನಾಳೆ ಹೊತ್ತಿಗೆ ನಾನಲ್ಲಿ ಡೈರೆಕ್ಟರ್ ಆಗಿರುತ್ತೇನೆ.

ನಿಜವಾಗಲೂ ಚೆನ್ನಾಗಿದ್ದೇನೆ. ಊಟ, ನಿದ್ದೆ ಎಲ್ಲಾ ಸರಿ. ಹಣಕ್ಕೆ ಏನೂ ತೊಂದರೆ ಇಲ್ಲ. ನೀವು ಬಿಪಿ ಮಾತ್ರೆ ತಪ್ಪಿಸಬೇಡಿ, ನನ್ನ ಚಿಂತೆಯಿಂದ ಬಿಪಿ ಏರಿತು ಅಂತ ಇನ್ನೊಂದು ಕಾಗದ ಬರುವುದು ಬೇಡ.

ಹನ್ನೊಂದೂವರೆ ಆಯಿತು. ಬೆಳಿಗ್ಗೆ ಎಂಟೂವರೆಗೆ ವರದಿ ಹೋಗಬೇಕು. ಅಂಕಿಗಳನ್ನು ಎರಡು ಸಲ ನೋಡಿದ್ದೇನೆ.

ಇತಿ,
ಪುಟ್ಟಿ

ಅಮ್ಮನಿಗೆ: ಆ ಹುಡುಗನ ಮನೆಯವರಿಗೆ ಇನ್ನೂ ಏನೂ ಹೇಳಬೇಡ. ಗುರುವಾರ ಕಳೆಯಲಿ, ನಾನೇ ಫೋನ್ ಮಾಡುತ್ತೇನೆ.