ಹೆಸರಿಲ್ಲದ ಗುಳಿಗೆಗಳ ನೆಗಡಿ ಪೊಟ್ಟಣ

ಮಾನ್ಯ ಸಂಪಾದಕರಿಗೆ,

ಕಬ್ಬಿನ ಹಂಗಾಮು ಶುರುವಾಗಿ ಬೆಳಗಿನ ಥಂಡಿ ಏರಿದೊಡನೆ ನಮ್ಮ ಜಮಖಂಡಿ ಕಡೆಯ ಹಳ್ಳಿಗಳಲ್ಲಿ ಮನೆಗೊಬ್ಬರಾದರೂ ನೆಗಡಿ ಹಿಡಿದು ಕೂತಿರುತ್ತಾರೆ. ಕಳೆದ ವಾರ ತಂಗಿಯ ಮನೆಗೆ ಹೋದಾಗ, ಆಕೆಯ ನಾಲ್ಕು ವರ್ಷದ ಮೊಮ್ಮಗನಿಗೆಂದು ಔಷಧ ಅಂಗಡಿಯಿಂದ ತಂದಿದ್ದ ಕಾಗದದ ಪೊಟ್ಟಣವೊಂದನ್ನು ಬಿಚ್ಚಿ ನೋಡಿದೆ. ಅರ್ಧಕ್ಕೆ ಮುರಿದ ಬಿಳಿ ಗುಳಿಗೆ, ತೊಗರಿಕಾಳಿನಷ್ಟು ಸಣ್ಣದಾದ ಹಳದಿ ಗುಳಿಗೆ, ಬ್ಲೇಡಿನಲ್ಲಿ ಕಾಲು ಭಾಗ ಮಾಡಿದ ಮತ್ತೊಂದು ಗುಳಿಗೆ. ಯಾವುದಕ್ಕೂ ಹೆಸರಿಲ್ಲ, ಅವಧಿ ಮುಗಿಯುವ ದಿನಾಂಕವಿಲ್ಲ. ವೈದ್ಯರ ಚೀಟಿಯಂತೂ ಮೊದಲೇ ಇಲ್ಲ. "ಮುಂಜಾನೆ ಒಂದ ಹಾಕೇನಕ್ಕಾ, ಸುಮ್ಮನ ಮಲಗ್ಯಾನ" ಎಂದಳು. ಹುಡುಗ ಮಲಗಿದ್ದು ನೆಗಡಿ ಇಳಿದದ್ದರಿಂದಲ್ಲ, ಗುಳಿಗೆಯ ಮಂಪರಿನಿಂದ ಎಂದೇ ನನ್ನ ಅನುಮಾನ.

ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನನಗೆ ಈ ಪೊಟ್ಟಣ ಹೊಸದಲ್ಲ. ನೆಗಡಿಯನ್ನು ತರುವುದು ವೈರಸ್. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿದ್ದು, ರೈನೋವೈರಸ್‌ನದೇ ದೊಡ್ಡ ಪಾಲು. ಇಂಥ ಪೊಟ್ಟಣದಲ್ಲಿ ಸೇರಿರಬಹುದಾದ ಅಜಿತ್ರೋಮೈಸಿನ್‌ನಂಥ ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ ಮದ್ದೇ ಹೊರತು ವೈರಸ್‌ಗೆ ಅಲ್ಲ. ಆ ಔಷಧದ ಗುಳಿಗೆಪಟ್ಟಿಯ (ಸ್ಟ್ರಿಪ್) ಮೇಲೆ ಕೆಂಪು ಗೆರೆ ಎಳೆದಿರುವುದೇ ಚೀಟಿ ಇಲ್ಲದೆ ಕೊಡಬಾರದೆಂದು. ಆದರೆ ಪಟ್ಟಿಯಿಂದ ಕಿತ್ತು ಕಾಗದದಲ್ಲಿ ಕಟ್ಟಿಕೊಟ್ಟರೆ ಗೆರೆಯೂ ಹೋಯಿತು, ಹೆಸರೂ ಹೋಯಿತು. ಪೊಟ್ಟಣದಲ್ಲಿ ಪ್ಯಾರಾಸಿಟಮಾಲ್ ಇರುವುದು ತಿಳಿಯದೆ ಮನೆಯಲ್ಲಿದ್ದ ಜ್ವರದ ಗುಳಿಗೆಯನ್ನೂ ನುಂಗಿದರೆ ಪ್ರಮಾಣ ಇಮ್ಮಡಿಯಾಗುತ್ತದೆ. ಸ್ಟೀರಾಯ್ಡ್ ಇದ್ದರೆ ಮಧುಮೇಹಿಗಳ ಸಕ್ಕರೆ ಏರುತ್ತದೆ, ಕಟ್ಟಿದ ಮೂಗು ಬಿಡಿಸುವ ಕೆಲವು ಗುಳಿಗೆಗಳು ರಕ್ತದೊತ್ತಡ ಏರಿಸುತ್ತವೆ. ಮಂಪರು ತರುವ ಗುಳಿಗೆ ನುಂಗಿ ರಾತ್ರಿಯಿಡೀ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರ ಗತಿಯನ್ನು ಬಿಡಿಸಿ ಹೇಳಬೇಕಿಲ್ಲ.

ನೆಗಡಿಯನ್ನು ಗುರುತಿಸುವುದು ಕಷ್ಟವಲ್ಲ. ಮೊದಲು ಗಂಟಲು ಕೆರೆಯುತ್ತದೆ, ಆಮೇಲೆ ಸೀನು, ನೀರಿನಂತೆ ಸೋರುವ ಮೂಗು. ಎರಡು ಮೂರನೆಯ ದಿನಕ್ಕೆ ಜೋರಾಗಿ, ವಾರ ಹತ್ತು ದಿನಗಳಲ್ಲಿ ತಾನೇ ಇಳಿಯುತ್ತದೆ. ನಡುವೆ ಸಿಂಬಳ ಗಟ್ಟಿಯಾಗಿ ಹಳದಿಗೋ ಹಸಿರಿಗೋ ತಿರುಗಿದರೆ "ಇನ್ಫೆಕ್ಷನ್ ಆಗೇದ" ಎಂದು ಅಂಗಡಿಗೆ ಓಡುವವರೇ ಹೆಚ್ಚು, ಆದರೆ ಆ ಬಣ್ಣವೊಂದರಿಂದಲೇ ಆ್ಯಂಟಿಬಯೋಟಿಕ್ ಬೇಕೆಂದು ತೀರ್ಮಾನಿಸಲಾಗದು. ಇದ್ದಕ್ಕಿದ್ದಂತೆ ಸುಡುವ ಜ್ವರ ಬಂದು ಮೈಕೈ ಮುರಿದಂತಾಗಿ ಹಾಸಿಗೆ ಹಿಡಿಸಿದರೆ ಅದು ಬಹುಶಃ ಫ್ಲೂ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ವಿಶ್ರಾಂತಿ, ಕುಡಿಯಲು ಬೆಚ್ಚಗಿನದು, ಗಂಟಲಿಗೆ ಉಪ್ಪುನೀರಿನ ಮುಕ್ಕಳಿಕೆ, ಜ್ವರ ಅಥವಾ ನೋವಿದ್ದರೆ ಮಾತ್ರ ಪ್ಯಾರಾಸಿಟಮಾಲ್, ಅದೂ ಮಕ್ಕಳಿಗೆ ತೂಕಕ್ಕೆ ತಕ್ಕಂತೆ. ಬಿಸಿ ಜೋಳದ ಅಂಬಲಿ, ಕಟ್ಟಿನ ಸಾರು ಗಂಟಲಿಗೆ ಹಿತ. ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ ಕೆಮ್ಮನ್ನು ತುಸು ತಗ್ಗಿಸುತ್ತದೆ. ಆದರೆ ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು, ಬಾಟುಲಿಸಂ ಎಂಬ ಜೀವಕ್ಕೇ ಎರವಾಗುವ ಕಾಯಿಲೆ ಬರಬಹುದು. ಕೂಸಿನ ಮೂಗು ಕಟ್ಟಿದರೆ ಅಂಗಡಿಯಲ್ಲಿ ಸಿಗುವ ಲವಣಜಲದ ಹನಿ ಸಾಕು.

ಆವಿಯ ವಿಷಯದಲ್ಲಿ ಹಿರಿಯರು ನನ್ನ ಮೇಲೆ ಸಿಟ್ಟಾಗಬಹುದು. ಕುದಿನೀರಿನ ಪಾತ್ರೆಯ ಮುಂದೆ ಚಾದರ ಹೊದಿಸಿ ಕೂಡಿಸಿದ್ದ ಹುಡುಗನೊಬ್ಬ ಕಾಲು ಝಾಡಿಸಿ ತೊಡೆ ಸುಟ್ಟುಕೊಂಡು ನಮ್ಮ ಕೇಂದ್ರಕ್ಕೆ ಬಂದದ್ದನ್ನು ನಾನು ಮರೆತಿಲ್ಲ. ಮಕ್ಕಳಿಗೆ ಅದು ಬೇಡ.

ಕೆಮ್ಮಿನ ಸಿರಪ್ ಅದಕ್ಕಿಂತಲೂ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಬೆರೆತ ಸಿರಪ್ ಕುಡಿದ ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಅದೇ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನವರಿಗೆ ನೆಗಡಿ ಕೆಮ್ಮಿನ ಔಷಧ ಬರೆಯಲೇಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸಲ್ಲದು ಎಂದು ತಿಳಿಸಿತು.

ದವಾಖಾನೆಗೆ ಯಾವಾಗ ಹೋಗಬೇಕೆಂಬುದನ್ನು ಉಸಿರು ಹೇಳುತ್ತದೆ. ಮಗು ಅಳದೆ ಸುಮ್ಮನಿರುವಾಗ ಅಂಗಿ ಸರಿಸಿ, ಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನವರಿಗೆ 40 ಅಥವಾ ಅದಕ್ಕೂ ಮೇಲಿದ್ದರೆ, ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಸೆಳೆಯುತ್ತಿದ್ದರೆ, ಅಥವಾ ಮಗು ಹಾಲು ನೀರು ಕುಡಿಯದಿದ್ದರೆ ಕೂಡಲೇ ಹೊರಡಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಕಾಯಬಾರದು. ಯಾರಿಗೇ ಆಗಲಿ ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡುವ ಕಫ ಪರೀಕ್ಷೆ ಮಾಡಿಸಬೇಕು, ಅದು ಕ್ಷಯವೂ ಆಗಿರಬಹುದು. ತಂಗಿಯ ಮೊಮ್ಮಗನ ಉಸಿರು 28 ಇತ್ತು. ಉಳಿದ ಎರಡು ಪೊಟ್ಟಣಗಳನ್ನು ನಾನೇ ತೆಗೆದಿಟ್ಟುಕೊಂಡೆ.

ಬಿಡಿ ಗುಳಿಗೆ ಕಟ್ಟಿಕೊಡುವ ಈ ರೂಢಿಯನ್ನು ಔಷಧ ನಿಯಂತ್ರಣ ಇಲಾಖೆಯ ಅಧಿಕಾರಿಗಳು ಹಂಗಾಮಿನ ಈ ದಿನಗಳಲ್ಲೇ ಹಳ್ಳಿಯ ಅಂಗಡಿಗಳಿಗೆ ಬಂದು ತಡೆಯಬೇಕು, ಉಸಿರು ಎಣಿಸುವುದನ್ನು ಆಶಾ ಕಾರ್ಯಕರ್ತೆಯರು ಕಬ್ಬು ಕಡಿಯುವವರ ಗುಡಿಸಲುಗಳಲ್ಲೂ ತಾಯಂದಿರಿಗೆ ಮಾಡಿ ತೋರಿಸಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

— ನಿವೃತ್ತ ಆರೋಗ್ಯ ಸಹಾಯಕಿ,
ಜಮಖಂಡಿ, ಬಾಗಲಕೋಟೆ ಜಿಲ್ಲೆ